ಆಹಾರದ ತುಡಿತ ಮತ್ತು ನ್ಯೂರೋಫೀಡ್‌ಬ್ಯಾಕ್

ನ್ಯೂರೋಫೀಡ್‌ಬ್ಯಾಕ್ ಎಂಬುದು ವ್ಯಕ್ತಿಯ ಮಿದುಳಿನ ಚಟುವಟಿಕೆಯನ್ನು ಆಯಾ ಕ್ಷಣದಲ್ಲೇ ಪರದೆಯ ಮೇಲೆ ತೋರಿಸಿ, ಅದನ್ನು ಸ್ವತಃ ನಿಯಂತ್ರಿಸಲು ಕಲಿಸುವ ತರಬೇತಿ. ಆಹಾರದ ತುಡಿತವನ್ನು ತಗ್ಗಿಸಲು ಇದನ್ನು ಬಳಸುವ ಪ್ರಯತ್ನಗಳು ನಡೆದಿವೆ. ಆಡುಮಾತಿನಲ್ಲಿ ಬಾಯಿಚಪಲ ಎನಿಸಿಕೊಳ್ಳುವ ಈ ತುಡಿತವು ಹಸಿವಿಗಿಂತ ಭಿನ್ನವಾದುದು. ಊಟ ಮುಗಿಸಿದವರೂ ಗೋಳಿಬಜೆಯ ಪರಿಮಳಕ್ಕೆ ಮನಸೋಲುವುದು ಇದಕ್ಕೆ ನಿದರ್ಶನ. ಹಿಡಿತ ತಪ್ಪಿ ಪದೇ ಪದೇ ಅತಿಯಾಗಿ ತಿನ್ನುವಂತಾದಾಗ ಅದು ಚಿಕಿತ್ಸೆಯ ವಿಷಯವಾಗುತ್ತದೆ.

ಹಿನ್ನೆಲೆ

ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮಾನವ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಈ ದಾಖಲೆಯೇ ಇಇಜಿ. 1960ರ ದಶಕದಲ್ಲಿ ಅಮೆರಿಕದ ಜೋ ಕಾಮಿಯಾ ಮನುಷ್ಯರಲ್ಲಿಯೂ, ಬ್ಯಾರಿ ಸ್ಟರ್ಮನ್ ಬೆಕ್ಕುಗಳಲ್ಲಿಯೂ ಈ ಅಲೆಗಳನ್ನು ತರಬೇತಿಯಿಂದ ಮಾರ್ಪಡಿಸಬಹುದೆಂದು ತೋರಿಸಿದರು.

ವಿಧಾನ

ನೆತ್ತಿಯ ಚರ್ಮದ ಮೇಲೆ ಇಲೆಕ್ಟ್ರೋಡುಗಳನ್ನು ಇರಿಸಲಾಗುತ್ತದೆ. ಇವು ಅಲೆಗಳನ್ನು ಅಳೆಯುತ್ತವೆಯೇ ಹೊರತು ಮಿದುಳಿಗೆ ವಿದ್ಯುತ್ತನ್ನು ಹಾಯಿಸುವುದಿಲ್ಲ. ತುಡಿತ ಹುಟ್ಟಿಸುವ ತಿನಿಸುಗಳ ಚಿತ್ರಗಳನ್ನು ತೋರಿಸಿ, ಉದ್ರೇಕದೊಂದಿಗೆ ಸಂಬಂಧಿಸಿದ ಉಚ್ಚ ಬೀಟಾ ಅಲೆಗಳನ್ನು ತಗ್ಗಿಸುವಂತೆ ಸೂಚಿಸಲಾಗುತ್ತದೆ. ಅಲೆಗಳು ತಗ್ಗಿದೊಡನೆ ಪರದೆಯು ಯಶಸ್ಸನ್ನು ಸೂಚಿಸುತ್ತದೆ. ಮೆಚ್ಚುಗೆ ದೊರೆತ ವರ್ತನೆ ಮರುಕಳಿಸುತ್ತದೆ ಎಂಬ ಕಲಿಕೆಯ ತತ್ತ್ವವೇ ಇದರ ಆಧಾರ.

ಸಂಶೋಧನೆಗಳು

ಜರ್ಮನಿಯ ಜೆನ್ನಿಫರ್ ಶ್ಮಿಟ್ ಮತ್ತು ಅಲೆಕ್ಸಾಂಡ್ರಾ ಮಾರ್ಟಿನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 75 ಮಹಿಳೆಯರನ್ನು ನ್ಯೂರೋಫೀಡ್‌ಬ್ಯಾಕ್, ಮನೋಕಲ್ಪನೆಯ ಅಭ್ಯಾಸ ಹಾಗೂ ಕಾಯುವಿಕೆ ಎಂಬ ಮೂರು ಗುಂಪುಗಳಾಗಿ ಯಾದೃಚ್ಛಿಕವಾಗಿ ವಿಂಗಡಿಸಲಾಯಿತು. ತರಬೇತಿಯ ಕೊನೆಗೆ ಮೊದಲ ಗುಂಪಿನಲ್ಲಿ ಮಾತ್ರ ಅತಿಭಕ್ಷಣೆಯ ಪ್ರಸಂಗಗಳು ಕಡಿಮೆಯಾಗಿದ್ದವು. ಮೂರು ತಿಂಗಳ ಬಳಿಕವೂ ಪರಿಣಾಮ ಉಳಿದಿತ್ತು. ಟ್ಯೂಬಿಂಗನ್‌ನ ಸಂಶೋಧಕರು ಎಫ್‌ಎಂಆರ್‌ಐ ಬಳಸಿ ಅಧಿಕ ತೂಕದ ಎಂಟು ಪುರುಷರ ಮೇಲೆ ನಡೆಸಿದ ಅಧ್ಯಯನವು 2017ರಲ್ಲಿ ಪ್ರಕಟವಾಯಿತು.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಲೆಗೆ ಪೆಟ್ಟಾದವರ ಚೇತರಿಕೆಗಾಗಿ ಇಇಜಿ ನ್ಯೂರೋಫೀಡ್‌ಬ್ಯಾಕ್ ಅಧ್ಯಯನಗಳು ನಡೆದಿವೆ. ಅಲ್ಲಿಯೂ ತತ್ತ್ವ ಒಂದೇ. ಗುರಿ ಮಾತ್ರ ತುಡಿತದ ನಿಯಂತ್ರಣವಲ್ಲ, ಕುಂದಿದ ಮಾನಸಿಕ ಸಾಮರ್ಥ್ಯದ ಸುಧಾರಣೆ.

ಮಿತಿಗಳು

2016ರ ಅಧ್ಯಯನದಲ್ಲಿದ್ದವರು ಮಹಿಳೆಯರು ಮಾತ್ರ. ಅವರ ಸಮಸ್ಯೆಯೂ ರೋಗವೆಂದು ನಿರ್ಣಯಿಸುವ ಮಟ್ಟಕ್ಕಿಂತ ಕೆಳಗಿತ್ತು. ಆದ್ದರಿಂದ ಆ ಫಲಿತಾಂಶವನ್ನು ಎಲ್ಲ ರೋಗಿಗಳಿಗೂ ಅನ್ವಯಿಸಲಾಗದು. ಅತಿಭಕ್ಷಣೆ ತಗ್ಗುವುದೂ ದೇಹತೂಕ ಇಳಿಯುವುದೂ ಒಂದೇ ಅಲ್ಲ. ಯಂತ್ರ ಹಾಗೂ ತರಬೇತಾದವರ ಅಗತ್ಯವಿರುವುದರಿಂದ ಇದು ದುಬಾರಿಯೂ ಹೌದು. ಸಂಶೋಧಕರು ಇದನ್ನು ಪೂರಕ ಚಿಕಿತ್ಸೆಯಾಗಿ ಪರೀಕ್ಷಿಸಬೇಕೆಂದು ಸೂಚಿಸಿದ್ದಾರೆಯೇ ವಿನಾ, ವೈದ್ಯಕೀಯ ಚಿಕಿತ್ಸೆಗೋ ಆಪ್ತಸಮಾಲೋಚನೆಗೋ ಬದಲಿಯೆಂದು ಹೇಳಿಲ್ಲ.