441 ಮಂದಿಗೆ ಹಂಚಿದ ಬಂಗಾರ

ಅಮೋಘವರ್ಷ ನೃಪತುಂಗ ಎಂದೊಡನೆ ಎಲ್ಲರೂ 'ಕವಿರಾಜಮಾರ್ಗ'ವನ್ನು ನೆನೆಯುತ್ತಾರೆ. ಲೆಕ್ಕದ ಮೇಷ್ಟ್ರಾದ ನನಗೆ ಮೊದಲು ನೆನಪಾಗುವುದು ಅದೇ ಕಾಲದ ಇನ್ನೊಂದು ಗ್ರಂಥ, ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ಕ್ರಿ.ಶ. 850ರ ಆಸುಪಾಸಿನದು, ಸಂಸ್ಕೃತದಲ್ಲಿದೆ. ಆರಂಭದಲ್ಲೇ ನೃಪತುಂಗನ ಸ್ತುತಿಯಿದೆ.

ಅದರ ಭಾಗಾಕಾರದ ಭಾಗದಲ್ಲಿ ಪುಟ್ಟದೊಂದು ಲೆಕ್ಕವಿದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದರವರೆಗೆ ಇಳಿಯುವ ಅಂಕಿಗಳಷ್ಟು ಬಂಗಾರವಿದೆ. ಇಷ್ಟು ಜನಕ್ಕೆ ಹಂಚಿದರೆ ತಲೆಗೆಷ್ಟು? ಜನರ ಸಂಖ್ಯೆಯನ್ನು ಚಂದ್ರ, ಕಡಲು, ಬಂಧ ಎಂದು ಹೇಳಿದ್ದಾರೆ. ಚಂದ್ರ ಒಬ್ಬ, ಕಡಲು ನಾಲ್ಕು, ಜೈನರ ಎಣಿಕೆಯಲ್ಲಿ ಕರ್ಮಬಂಧವೂ ನಾಲ್ಕು ಬಗೆ. ಬಿಡಿಸ್ಥಾನದಿಂದ ಎಡಕ್ಕೆ ಬರೆದರೆ 441. ಬಂಗಾರ 12,34,56,54,321.

ಈ ಸಂಖ್ಯೆ ಎಲ್ಲಿಂದ ಬಂತು ಎನ್ನುವುದನ್ನು ಕಪ್ಪುಹಲಗೆಯ ಮೇಲೆ ತೋರಿಸಬೇಕು. 1,11,111ನ್ನು ಅದರಿಂದಲೇ ಗುಣಿಸಿ. ಆರು ಸಾಲು, ಎಲ್ಲದರಲ್ಲೂ ಬರೀ ಒಂದುಗಳೇ. ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಕಂಬಸಾಲು ಕೂಡುತ್ತ ಹೋದರೆ ಬಲತುದಿಯಲ್ಲಿ ಒಂದು, ಆಮೇಲೆ ಎರಡು, ಮೂರು, ನಡುವಿನಲ್ಲಿ ಆರು, ಮತ್ತೆ ಇಳಿತ. ಎಲ್ಲೂ ದಶಕ ಇಲ್ಲ. ಒಂಬತ್ತು ಒಂದುಗಳವರೆಗೆ ಈ ಚೆಲುವು ಉಳಿಯುತ್ತದೆ. ಹತ್ತು ಒಂದುಗಳಾದರೆ ನಡುವಿನ ಕಂಬಸಾಲು ಹತ್ತಾಗಿ ದಶಕ ಹುಟ್ಟುತ್ತದೆ, ಏರಿಳಿತ ಕೆಡುತ್ತದೆ.

ಇನ್ನು 441. 1,11,111ನ್ನು ಒಡೆದರೆ 3, 7, 11, 13, 37 ಸಿಗುತ್ತವೆ. ಮೂರೇಳಲ ಇಪ್ಪತ್ತೊಂದು, ಅದರ ವರ್ಗ 441. ಮಿಕ್ಕ ಮೂರನ್ನು ಗುಣಿಸಿದರೆ 5,291. ಅದರ ವರ್ಗವೇ ಒಬ್ಬೊಬ್ಬರ ಪಾಲು, 2,79,94,681. ಬಂಗಾರವೂ ವರ್ಗ, ಜನವೂ ವರ್ಗ, ಪಾಲೂ ವರ್ಗ. ಇದು ಆಕಸ್ಮಿಕವೆಂದು ನಾನು ಒಪ್ಪಲಾರೆ. ಸಂಖ್ಯೆಯ ಒಳಗಟ್ಟು ಬಲ್ಲವರು ಬೇಕೆಂದೇ ಹೆಣೆದ ಲೆಕ್ಕವಿದು. ಗುಣಾಕಾರದ ಭಾಗದಲ್ಲೂ ಇದೇ ಕೈಚಳಕ: 1,42,87,143ನ್ನು ಏಳರಿಂದ ಗುಣಿಸಿದರೆ 10,00,10,001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರವೆಂದೇ ಕರೆಯುತ್ತಾರೆ.

ಈ ಗ್ರಂಥ ಅಚ್ಚಾದದ್ದು 1912ರಲ್ಲಿ, ಮದರಾಸಿನಲ್ಲಿ. ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದವರು ಎಂ. ರಂಗಾಚಾರ್ಯರು. ಅವರಿಗೆ ಆಧಾರವಾದ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನ ಮಠದ್ದೂ ಒಂದು. ಸಾವಿರ ವರ್ಷ ಇದನ್ನು ನಕಲು ಮಾಡುತ್ತ ಬಂದ ಲಿಪಿಕಾರರಿಗೆ ನಾನು ಋಣಿ.

ಅಪವರ್ತನದ ಪಾಠಕ್ಕೆ ನಾನು ಈ ಲೆಕ್ಕವನ್ನೇ ಕೊಡುತ್ತೇನೆ. ಉತ್ತರ ಬಂದ ಮೇಲೆ ಮಕ್ಕಳು ಬೇರೆ ಜನಸಂಖ್ಯೆ ಹುಡುಕಬೇಕು. 37ರ ವರ್ಗ 1,369 ಮಂದಿಯಾದರೆ ತಲೆಗೆ 90,18,009. ಅದು 3,003ರ ವರ್ಗ.