ಗಡಿನಾಡಿನ ಶಾಲೆಗಳಲ್ಲಿ ಪದ್ಯಪಾಠ

ಪದ್ಯಪಾಠವೆಂದರೆ ಇಂದು ನಮ್ಮ ಹೈಸ್ಕೂಲುಗಳಲ್ಲಿ ಕವಿಪರಿಚಯ, ಶಬ್ದಾರ್ಥ, ಭಾವಾರ್ಥ ಎಂದಷ್ಟೇ ಆಗಿದೆ. ಕಾಸರಗೋಡಿನ ಸೀಮೆಯಲ್ಲಿ ಅದು ಹಿಂದೆ ಹೀಗಿರಲಿಲ್ಲ. ಹೇಗಿತ್ತು, ಹೇಗೆ ಮಾರ್ಪಟ್ಟಿತು ಎಂಬುದನ್ನು ಸಹೋದ್ಯೋಗಿಗಳ ಮುಂದಿಡಬಯಸುತ್ತೇವೆ.

ಸರಕಾರಿ ಶಾಲೆಗಳು ಹಬ್ಬುವ ಮುನ್ನ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಪದ್ಯವನ್ನು ಬಾಯಿಪಾಠವಾಗಿ ಕಲಿಯುತ್ತಿದ್ದರು. ಅರ್ಥ ತಿಳಿಯುವ ಮೊದಲೇ ಷಟ್ಪದಿಯ ನಡೆ ನಾಲಗೆಗೆ ಹತ್ತುತ್ತಿತ್ತು. ಆ ಮಠಗಳನ್ನು ಹೊಗಳಿ ಅಟ್ಟಕ್ಕೇರಿಸುವ ಇರಾದೆ ನಮ್ಮದಲ್ಲ. ಅಲ್ಲಿ ಬೆತ್ತವೂ ಇತ್ತು, ಬಹುಮಟ್ಟಿಗೆ ಹೆಣ್ಣುಮಕ್ಕಳಿಗೂ ಬಡಜಾತಿಯವರಿಗೂ ಬಾಗಿಲು ಮುಚ್ಚಿಯೇ ಇತ್ತು. ಆದರೆ ಅರ್ಥದ ಪಾಠವನ್ನು ಊರೇ ಪೂರೈಸುತ್ತಿತ್ತು. ತಾಳಮದ್ದಳೆಯಲ್ಲಿ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಭಾಗವತರು ಹಾಡುವರು. ಹಾಡಿದ ಪದಕ್ಕೆ ಅರ್ಥಧಾರಿ ತನ್ನ ಮಾತಿನಲ್ಲಿ ಅರ್ಥ ಹೇಳುವನು. ಇದಿರಿನವನು ಅದನ್ನು ಪ್ರಶ್ನಿಸುವನು. ಇದಕ್ಕಿಂತ ಒಳ್ಳೆಯ ಭಾವಾರ್ಥಪಾಠ ಯಾವ ತರಬೇತಿ ಶಾಲೆಯಲ್ಲಿದೆ?

1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು, 1841ರಲ್ಲಿ ಅಚ್ಚುಕೂಟ ಹೂಡಿತು. ಕಾವ್ಯ ಪುಸ್ತಕವಾಗಿ ಮಕ್ಕಳ ಕೈಗೆ ಸಿಗುವ ಕಾಲ ಬಂದದ್ದು ದೊಡ್ಡ ಲಾಭವೇ. ಆದರೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸು ಪ್ರಾಂತದಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಸಹಾಯಧನ ಕೊಡುವ ಪದ್ಧತಿ ನೆಲೆಗೊಂಡಿತು. ಅಳೆಯಲು ಬರುವುದನ್ನೇ ಕಲಿಸುವ ಅಭ್ಯಾಸ ಆಗ ಬೇರೂರಿತೆಂದು ನಮ್ಮ ಊಹೆ.

ಈ ಗಾಳಿಗೆ ಎದುರಾಗಿ ನಡೆದವರು ಪಂಜೆ ಮಂಗೇಶರಾಯರು (1874–1937). ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ತರಗತಿಗಳನ್ನು ಕಣ್ಣಾರೆ ಕಂಡವರು. ಅವರ 'ತೆಂಕಣ ಗಾಳಿಯಾಟ'ವನ್ನು ಕುಳಿತು ಬಿಡಿಸಿ ಹೇಳಲಾಗದು. ಗಟ್ಟಿಯಾಗಿ ಓದಿದರೆ ಗಾಳಿ ತಾನೇ ಬೀಸುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿಯ ಕನ್ನಡ ತರಗತಿಯ ಮಕ್ಕಳಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮಲೆಯಾಳ ಆಡುವವರು ಬಹಳ. ಇಂಥವರಿಗೆ ಶಬ್ದಾರ್ಥದಿಂದಲೇ ಪದ್ಯವನ್ನು ಆರಂಭಿಸಿದರೆ ಅದು ಪರಭಾಷೆಯ ನಿಘಂಟಾಗಿಬಿಡುತ್ತದೆ.

ಇದು ನಮಗೂ ತಡವಾಗಿ ತಿಳಿಯಿತು. ಸೇವೆಗೆ ಸೇರಿದ ಮೊದಲ ವರ್ಷ ಒಂಬತ್ತನೆಯ ತರಗತಿಗೆ ಭಾಮಿನಿ ಷಟ್ಪದಿ ಕಲಿಸಲು ಮೂರು ದಿನ ಕರಿಹಲಗೆಯ ಮೇಲೆ ಲಘು ಗುರು ಹಾಕಿದೆವು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ. ಮೂರು, ಆರನೆಯವುಗಳಲ್ಲಿ 23. ಎಲ್ಲರೂ ಸರಿಯಾಗಿ ಎಣಿಸಿದರು. ಓದಿ ಎಂದರೆ ಒಬ್ಬನಿಗೂ ಬಾರದು. ಹಿಂದಿನ ಬೆಂಚಿನ ಹುಡುಗನೊಬ್ಬ ಮೇಜು ಕುಟ್ಟುತ್ತಿದ್ದ, ಗದರಿದೆವು. ವಿಚಾರಿಸಿದಾಗ ಅವನ ತಂದೆ ಮದ್ದಳೆಗಾರರೆಂದು ತಿಳಿಯಿತು. ಅವನು ಕುಟ್ಟುತ್ತಿದ್ದುದು ನಾವು ಬರೆದ ಮೂರು-ನಾಲ್ಕರ ಗಣವನ್ನೇ! ಅವನನ್ನು ಮುಂದೆ ಕರೆದು ಕುಟ್ಟಿಸಿದೆವು. ಆ ಗಂಟೆ ಮುಗಿಯುವುದರೊಳಗೆ ತರಗತಿ ಓದಿತು.

ಅಂದಿನಿಂದ ಮೊದಲು ಚಪ್ಪಾಳೆ, ಆಮೇಲೆ ವಾಚನ. ವಾರ್ಧಕಕ್ಕೆ ಐದರ ಪೆಟ್ಟು. ಬಳಿಕ ಅರ್ಧ ತರಗತಿ ಹಾಡುವುದು, ಒಬ್ಬರು ಅರ್ಥ ಹೇಳುವುದು, ಇನ್ನೊಬ್ಬರು ಎದುರು ಕೇಳುವುದು. ತಪ್ಪು ಅರ್ಥ ಹೇಳಿದವರನ್ನು ನಾವು ತಿದ್ದುವುದಿಲ್ಲ, ಎದುರಾಳಿ ತಿದ್ದುತ್ತಾನೆ. ಶಬ್ದಾರ್ಥ ಕೊನೆಗೆ. ಗದ್ದಲವಾಗುತ್ತದೆಂದು ಪಕ್ಕದ ತರಗತಿಯವರು ದೂರಿದ್ದುಂಟು; ದೂರು ನ್ಯಾಯವಾದುದೇ.

ಆ ಹುಡುಗನಿಗೆ ಮಾತ್ರ ಆ ವರ್ಷವೂ ಕನ್ನಡದಲ್ಲಿ ಕಡಿಮೆ ಅಂಕವೇ ಬಂದಿತು. ಪ್ರಶ್ನಪತ್ರಿಕೆಯಲ್ಲಿ ಪದ್ಯವನ್ನು ಓದಿ ಹೇಳುವುದಕ್ಕೆ ಎಡೆಯಿರಲಿಲ್ಲ.