ಪಾಕ್ ಚೋಯ್: ಚೀನೀ ಕ್ರಮದಲ್ಲಿ ಮೂರು ನಿಮಿಷದ ಸೊಪ್ಪಿನ ಪಲ್ಯ

ಪಾಕ್ ಚೋಯ್ ಎಂಬುದು ಉಂಡೆ ಕಟ್ಟದ ಚೀನೀ ಕೋಸು. ಸಸ್ಯಶಾಸ್ತ್ರೀಯವಾಗಿ ಇದು ಬ್ರಾಸಿಕಾ ರಾಪಾ ಪ್ರಭೇದಕ್ಕೆ ಸೇರಿದೆ. ಟರ್ನಿಪ್ ಗಡ್ಡೆಯೂ ಉತ್ತರ ಭಾರತದ ತೋರಿಯಾ ಸಾಸಿವೆಯೂ ಇದೇ ಪ್ರಭೇದದ ಬೇರೆ ಬೇರೆ ರೂಪಗಳು. ನಮ್ಮ ಎಲೆಕೋಸು ಮಾತ್ರ ಬೇರೊಂದು ಪ್ರಭೇದ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಕ್ಯಾಂಟನೀಸ್ ನುಡಿಯಲ್ಲಿ ಈ ಹೆಸರಿಗೆ 'ಬಿಳಿಯ ತರಕಾರಿ' ಎಂದು ಅರ್ಥ. ದಪ್ಪನಾದ ಬಿಳಿ ತೊಟ್ಟಿನಿಂದ ಆ ಹೆಸರು ಬಂದಿದೆ. ತೊಟ್ಟು ತಿಳಿ ಹಸಿರಾಗಿರುವ ಗಿಡ್ಡ ತಳಿಯನ್ನು ಶಾಂಘೈ ಮಾದರಿ ಎನ್ನುತ್ತಾರೆ. ಅಡುಗೆಯ ಕ್ರಮ ಎರಡಕ್ಕೂ ಒಂದೇ.

ಬೆಂಗಳೂರಿನ ಸುತ್ತಮುತ್ತ ನೆರಳು ಪರದೆ ಮನೆಗಳಲ್ಲಿ ಹಾಗೂ ಹನಿ ನೀರಾವರಿಯ ಬಯಲಿನಲ್ಲಿ ಈ ಬೆಳೆಯನ್ನು ನಗರದ ಹೋಟೆಲು ಮತ್ತು ಅಂಗಡಿಗಳಿಗಾಗಿ ಬೆಳೆಯಲಾಗುತ್ತಿದೆ. ಬೆಳೆಯುವ ಬಹುತೇಕ ಮನೆಗಳಲ್ಲಿ ಇದನ್ನು ಬೇಯಿಸುವುದಿಲ್ಲ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ನಾಟಿ ಮಾಡಿದ 30ರಿಂದ 45 ದಿನಗಳಲ್ಲಿ ಕೊಯ್ಲಿಗೆ ಬರುವ ಈ ಸೊಪ್ಪು ಕಾಯುವುದಿಲ್ಲ. ನಿಗದಿಯಾದ ದಿನ ಖರೀದಿದಾರರು ಬಾರದಿದ್ದರೆ ಬಿಸಿಲಿನ ದಿನಗಳಲ್ಲಿ ಒಂದು ವಾರದೊಳಗೆ ಹೂದಂಟು ಎದ್ದು, ತೊಟ್ಟಿನಲ್ಲಿ ನಾರು ಕಟ್ಟುತ್ತದೆ. ಆಗ ಉಳಿಯುವ ದಾರಿ ಗೊಬ್ಬರದ ಗುಂಡಿ ಅಥವಾ ದನದ ಗೋದಲಿ. ಕೋಸಿನ ಜಾತಿಯ ಸೊಪ್ಪನ್ನು ಹಲವು ದಿನ ಹೆಚ್ಚು ಪ್ರಮಾಣದಲ್ಲಿ ದನಗಳಿಗೆ ತಿನ್ನಿಸಿದರೆ ಅವುಗಳ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರಬಹುದು. ಆದ್ದರಿಂದ ಗೋದಲಿಯೂ ಪೂರ್ಣ ಪರಿಹಾರವಲ್ಲ. ಮನೆಯವರೂ ನೆರೆಹೊರೆಯವರೂ ವಾರಕ್ಕೆ ಎರಡು ಸಲ ಈ ಸೊಪ್ಪನ್ನು ತಿನ್ನಲು ಕಲಿತರೆ, ಊರಿನ ಸಂತೆಯಲ್ಲಿಯೇ ಇದಕ್ಕೆ ಒಂದಿಷ್ಟು ಬೇಡಿಕೆ ಹುಟ್ಟುತ್ತದೆ.

ಬೇಸಾಯ ಶಾಸ್ತ್ರದವರು ಅಡುಗೆಯ ವಿಷಯ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಚೀನಾದಲ್ಲಿ 6ನೇ ಶತಮಾನದಲ್ಲಿ ಜಿಯಾ ಸಿಶೀ ಎಂಬ ಅಧಿಕಾರಿ ರಚಿಸಿದ 'ಛೀ ಮಿನ್ ಯಾವ್ ಶೂ' ಎಂಬ ಕೃಷಿ ಗ್ರಂಥವು ಭೂಮಿ ಸಿದ್ಧತೆಯಿಂದ ತೊಡಗಿ ಉಪ್ಪಿನಕಾಯಿ, ಹುದುಗು ಮತ್ತು ಅಡುಗೆಯವರೆಗೆ ಸಾಗುತ್ತದೆ. ಬೆಳೆದದ್ದು ತಟ್ಟೆಗೆ ಬರುವವರೆಗಿನದೆಲ್ಲವೂ ಕೃಷಿಯೇ ಎಂಬ ಆ ದೃಷ್ಟಿ ಸರಿಯಾದುದೆಂದು ನನ್ನ ಅಭಿಪ್ರಾಯ.

ಪೋಷಕಾಂಶಗಳು

100 ಗ್ರಾಂ ಹಸಿ ಪಾಕ್ ಚೋಯ್‌ನಲ್ಲಿ ಸುಮಾರು 95 ಗ್ರಾಂ ನೀರು, 1.5 ಗ್ರಾಂ ಪ್ರೋಟೀನ್, 105 ಮಿ.ಗ್ರಾಂ ಸುಣ್ಣದ ಅಂಶ ಮತ್ತು 45 ಮಿ.ಗ್ರಾಂ 'ಸಿ' ಜೀವಸತ್ವ ಇರುತ್ತದೆ. ಸುಣ್ಣದ ಅಂಶದ ಮೊತ್ತವನ್ನಷ್ಟೇ ನೋಡಿದರೆ ರಾಗಿಯ ಮುಂದೆ ಇದು ಏನೂ ಅಲ್ಲ. ಆದರೆ ಎಷ್ಟಿದೆ ಎಂಬುದಕ್ಕಿಂತ ದೇಹಕ್ಕೆ ಎಷ್ಟು ದಕ್ಕುತ್ತದೆ ಎಂಬುದು ಮುಖ್ಯ. ಪಾಲಕ್ ಸೊಪ್ಪಿನಲ್ಲಿರುವ ಆಕ್ಸಲಿಕ್ ಆಮ್ಲವು ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲಿ ನೂರರಲ್ಲಿ ಸುಮಾರು ಐದು ಪಾಲು ಮಾತ್ರ ದೇಹಗತವಾಗುತ್ತದೆ. ಹಾಲಿನಲ್ಲಿ ಇದು ಸುಮಾರು ಮೂರನೆಯ ಒಂದು ಪಾಲು. ಆಕ್ಸಲಿಕ್ ಆಮ್ಲ ಅತ್ಯಲ್ಪವಿರುವ ಪಾಕ್ ಚೋಯ್‌ನಲ್ಲಿ ಸುಮಾರು ಅರ್ಧದಷ್ಟು. ಹಾಲು ಒಗ್ಗದವರಿರುವ ಮನೆಗಳಿಗೆ ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಅವಶ್ಯವಾಗಿ ತಿಳಿಸಬೇಕು.

ಅಡುಗೆಗಾಗಿ ಕೊಯ್ಲು

ಮನೆಯ ಬಳಕೆಗೆ ಅಂಗೈ ಅಗಲದ, ಒಂದು ಗೇಣಿಗಿಂತ ಎತ್ತರವಾಗದ ಗಿಡಗಳನ್ನು ಆರಿಸಬೇಕು. ತೊಟ್ಟನ್ನು ಬಗ್ಗಿಸಿದರೆ 'ಚಟ್' ಎಂದು ಮುರಿಯಬೇಕು. ಬಾಗಿದರೆ ಬಲಿತಿದೆ ಅಥವಾ ಬಾಡಿದೆ ಎಂದರ್ಥ. ಹೂಮೊಗ್ಗು ಕಾಣಿಸಿಕೊಂಡ ಗಿಡವನ್ನು ಎಸೆಯುವ ಅಗತ್ಯವಿಲ್ಲ. ಅದರ ಎಳೆಯ ಹೂದಂಟು ಸಿಹಿಯಾಗಿರುತ್ತದೆ. ಗುವಾಂಗ್‌ಡಾಂಗ್‌ನಲ್ಲಿ ಹೂದಂಟಿಗಾಗಿಯೇ ಬೆಳೆಯುವ ಚೋಯ್ ಸಮ್ ಎಂಬ ಸೋದರ ಬೆಳೆಯೇ ಇದೆ.

ಕೊಯ್ಲಿಗೆ ಹತ್ತು ದಿನ ಇರುವಾಗ ಬಣ್ಣ ಬರಲೆಂದು ಯೂರಿಯಾ ಕೊಡುವ ಅಭ್ಯಾಸವನ್ನು ಬಿಡಬೇಕು. ಬಳಕೆಯಾಗದ ಸಾರಜನಕವು ತೊಟ್ಟಿನಲ್ಲಿ ನೈಟ್ರೇಟ್ ರೂಪದಲ್ಲಿ ಶೇಖರವಾಗುತ್ತದೆ. ಹಗಲಿನ ಬೆಳಕಿನಲ್ಲಿ ಎಲೆ ಅದನ್ನು ಬಳಸಿಕೊಳ್ಳುವುದರಿಂದ ಮುಂಜಾನೆಯ ಸೊಪ್ಪಿಗಿಂತ ಸಂಜೆ ಕೊಯ್ದ ಸೊಪ್ಪಿನಲ್ಲಿ ನೈಟ್ರೇಟ್ ಕಡಿಮೆ. ಮಾರುಕಟ್ಟೆಗೆ ಬೆಳಗಿನ ಕೊಯ್ಲು ಅನಿವಾರ್ಯವಿರಬಹುದು, ಮನೆಯ ಒಲೆಗೆ ಸಂಜೆಯ ಕೊಯ್ಲೇ ಒಳ್ಳೆಯದು.

ಕೀಟನಾಶಕದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ವಜ್ರಬೆನ್ನಿನ ಪತಂಗ ಕಂಡೊಡನೆ ಎಲೆಕೋಸಿಗೆ ಶಿಫಾರಸಾದ ಔಷಧವನ್ನೇ ಇದಕ್ಕೂ ಸಿಂಪಡಿಸಿ, ಎಲೆಕೋಸಿಗೆ ಹೇಳಿದ ಕಾಯುವ ದಿನಗಳನ್ನೇ ಪಾಲಿಸಿದರೆ ಸಾಕೆಂದು ಅನೇಕರು ಭಾವಿಸಿದ್ದಾರೆ. ಇದು ತಪ್ಪು. ಎಲೆಕೋಸಿನಲ್ಲಿ ಔಷಧ ಬೀಳುವ ಹೊರ ಎಲೆಗಳನ್ನು ನಾವು ತೆಗೆದು ಹಾಕಿ ಒಳಗಿನ ಉಂಡೆಯನ್ನು ತಿನ್ನುತ್ತೇವೆ. ಪಾಕ್ ಚೋಯ್‌ನಲ್ಲಿ ಇರುವುದೆಲ್ಲ ಹೊರ ಎಲೆಯೇ. ಶಿಫಾರಸು ಬೆಳೆಯಿಂದ ಬೆಳೆಗೆ ಪ್ರತ್ಯೇಕವಾದುದು. ಡಬ್ಬಿಯ ಮೇಲೆ ಈ ಬೆಳೆಯ ಹೆಸರಿಲ್ಲದಿದ್ದರೆ ಆ ಔಷಧ ಇದಕ್ಕಲ್ಲ. ಕೀಟ ಪ್ರವೇಶಿಸದ ಸಣ್ಣ ಕಣ್ಣಿನ ಪರದೆ, ಹುಳುಗಳನ್ನು ಕೈಯಿಂದ ಆರಿಸುವುದು, ಬೇವಿನ ಬೀಜದ ಕಷಾಯ ಇವುಗಳಲ್ಲಿಯೇ ನಿಭಾಯಿಸುವುದು ಉತ್ತಮ. ತೊಳೆಯುವುದರಿಂದ ಎಲೆಯ ಮೇಲಿನ ಮಣ್ಣು, ಹುಳು ಮತ್ತು ಮೇಲ್ಮೈ ಶೇಷದ ಒಂದಂಶ ಹೋಗುತ್ತದೆ. ಗಿಡದ ರಸದೊಳಗೆ ಸೇರುವ ಅಂತರ್ವ್ಯಾಪಿ ಔಷಧವು ಉಪ್ಪು ನೀರಿಗೂ ಹೋಗದು, ಒಲೆಗೂ ಸಂಪೂರ್ಣವಾಗಿ ನಾಶವಾಗದು.

ಪಲ್ಯ ತಯಾರಿಸುವ ಕ್ರಮ

ನಮ್ಮ ಸೊಪ್ಪಿನ ಪಲ್ಯಕ್ಕೂ ಚೀನೀ ಕ್ರಮಕ್ಕೂ ಇರುವ ಭೇದ ಮಸಾಲೆಯದಲ್ಲ, ಸಮಯದ್ದು. ಅಲ್ಲಿ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಸ್ವಲ್ಪ ಎಣ್ಣೆಯಲ್ಲಿ ಸೊಪ್ಪನ್ನು ಎಡೆಬಿಡದೆ ಆಡಿಸುತ್ತ ಎರಡು ಮೂರು ನಿಮಿಷದಲ್ಲಿ ಇಳಿಸುತ್ತಾರೆ. ಇದಕ್ಕೆ 'ಛಾವ್' ಎಂದು ಹೆಸರು. ಅನ್ನದೊಂದಿಗೆ ಬಡಿಸುವ ನಿತ್ಯದ ಪಕ್ಕದ ಖಾದ್ಯವಿದು. ಸೊಪ್ಪು, ಎಣ್ಣೆ, ಬೆಳ್ಳುಳ್ಳಿ ಮತ್ತು ಉಪ್ಪು ಇಷ್ಟೇ ಇದರ ಮೂಲ ಸಾಮಗ್ರಿ.

ಎರಡು ಮೂರು ಜನರಿಗೆ 250 ಗ್ರಾಂ ಸೊಪ್ಪು, ನಾಲ್ಕು ಚಹಾ ಚಮಚ ಕಡಲೆಕಾಯಿ ಎಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ತೆಳುವಾದ ಎರಡು ಬಿಲ್ಲೆ ಶುಂಠಿ, ಕಾಲು ಚಹಾ ಚಮಚ ಉಪ್ಪು ಮತ್ತು ಚಿಟಿಕೆ ಸಕ್ಕರೆ ಸಾಕು. ಕಡಲೆಕಾಯಿ ಎಣ್ಣೆ ನಾವು ಮಾಡಿಕೊಂಡ ಬದಲಾವಣೆಯಲ್ಲ. ಗುವಾಂಗ್‌ಡಾಂಗ್‌ನಲ್ಲಿಯೂ ರೂಢಿಯಲ್ಲಿರುವುದು ಅದೇ. ಚೀನೀ ಅಡುಗೆಯಲ್ಲಿ ಕೊನೆಗೆ ಹನಿಸುವ ಎಳ್ಳೆಣ್ಣೆ ಮಾತ್ರ ನಮ್ಮ ಗಾಣದ ಎಳ್ಳೆಣ್ಣೆಯಲ್ಲ. ಅದು ಹುರಿದ ಎಳ್ಳಿನಿಂದ ತೆಗೆದ ಗಾಢ ಬಣ್ಣದ ಎಣ್ಣೆ, ಪರಿಮಳಕ್ಕಷ್ಟೇ ಬಳಸುವಂಥದು.

ಮೊದಲು ಗಿಡದ ಬುಡವನ್ನು ಕತ್ತರಿಸಿ ಎಲೆಗಳನ್ನು ಬಿಡಿಸಿರಿ. ತೊಟ್ಟಿನ ಒಳಮಡಿಕೆಯಲ್ಲಿ ಮಣ್ಣು ಕೂತಿರುವುದರಿಂದ ಅಗಲವಾದ ಪಾತ್ರೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಸೊಪ್ಪನ್ನು ಮೇಲೆತ್ತಿ, ನೀರು ಬದಲಿಸಿ ಇನ್ನೆರಡು ಸಲ ತೊಳೆಯಬೇಕು. ನೀರನ್ನು ಬಗ್ಗಿಸಿ ಚೆಲ್ಲಬಾರದು, ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿಗೇ ಅಂಟುತ್ತದೆ. ತೊಳೆದ ನಂತರವೇ ಹೆಚ್ಚಬೇಕು. ತೊಟ್ಟನ್ನು ಎರಡು ಬೆರಳಗಲಕ್ಕೂ ಎಲೆಯನ್ನು ಅದರ ಎರಡರಷ್ಟಕ್ಕೂ ಹೆಚ್ಚಿ ಬೇರೆ ಬೇರೆ ತಟ್ಟೆಯಲ್ಲಿ ಇಡಿರಿ.

ಇನ್ನು ನೀರು ಆರಿಸುವ ಕೆಲಸ. ಪಲ್ಯ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಮನೆಯ ಅನಿಲ ಒಲೆಯ ದೊಡ್ಡ ಉರಿಯಿಂದ ಪಾತ್ರೆಗೆ ತಲುಪುವ ಶಾಖ ಸುಮಾರು 1.3 ಕಿಲೋವಾಟ್. ಒದ್ದೆ ಸೊಪ್ಪಿಗೆ 50 ಮಿ.ಲೀ. ನೀರು ಅಂಟಿಕೊಂಡಿದ್ದರೆ ಅದನ್ನು ಆವಿ ಮಾಡುವುದಕ್ಕೇ ಸುಮಾರು ಒಂದೂವರೆ ನಿಮಿಷ ಬೇಕು. ಇಡೀ ಅಡುಗೆಯ ಅವಧಿಯೇ ಮೂರು ನಿಮಿಷವಾಗಿರುವಾಗ ಅರ್ಧ ಸಮಯ ನೀರಿಗೇ ಹೋಯಿತು. ಅಷ್ಟರಲ್ಲಿ ಸೊಪ್ಪಿನಿಂದಲೂ ನೀರು ಬಿಟ್ಟು, ಹುರಿಯಬೇಕಾದದ್ದು ಕುದಿಯತೊಡಗುತ್ತದೆ. ಬಣ್ಣ ಮಂಕಾಗಿ ಎಲೆ ಮುದ್ದೆಯಾಗುತ್ತದೆ. ಜರಡಿಯಲ್ಲಿ ಅರ್ಧ ಗಂಟೆ ಸೋರಲು ಬಿಡಿರಿ, ಅಥವಾ ಶುಭ್ರವಾದ ಪಂಚೆಯಲ್ಲಿ ಗಂಟು ಕಟ್ಟಿ ಅಂಗಳದಲ್ಲಿ ನಾಲ್ಕು ಸಲ ಬೀಸಿರಿ. ಇದೇ ಕಾರಣದಿಂದ ಒಮ್ಮೆಗೆ 250 ಗ್ರಾಂಗಿಂತ ಹೆಚ್ಚು ಸೊಪ್ಪನ್ನು ಹಾಕಬಾರದು. ಹೋಟೆಲಿನ ಒಲೆಯ ಉರಿ ಮನೆಯ ಉರಿಗಿಂತ ಹಲವು ಪಟ್ಟು ಜೋರು, ಅಲ್ಲಿಯ ಅಳತೆ ನಮಗೆ ಸಲ್ಲದು. ಮನೆಯಲ್ಲಿ ಆರು ಜನರಿದ್ದರೆ ಎರಡು ಸಲ ಮಾಡಿರಿ.

ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಒಂದು ಹನಿ ನೀರು ಬಿದ್ದೊಡನೆ ಆವಿಯಾಗುವಷ್ಟು ಕಾಯಿಸಿರಿ. ಅಂಟದ ಲೇಪನದ ಬಾಣಲೆಯನ್ನು ಹೀಗೆ ಬರಿದಾಗಿ ಕಾಯಿಸಬಾರದು, ಲೇಪನ ಹಾಳಾಗಿ ಹಾನಿಕರ ಹೊಗೆ ಬರುತ್ತದೆ. ಎಣ್ಣೆ ಹಾಕಿ ಸುತ್ತಲೂ ಹರಡಿ, ಶುಂಠಿ ಮತ್ತು ಬೆಳ್ಳುಳ್ಳಿ ಹಾಕಿ ಹತ್ತರಿಂದ ಹದಿನೈದು ಸೆಕೆಂಡು ಮಾತ್ರ ಬಾಡಿಸಿರಿ. ಒಗ್ಗರಣೆಯ ರೂಢಿಯಂತೆ ಕೆಂಪಗಾಗುವವರೆಗೆ ಕಾದರೆ ಸೊಪ್ಪು ಬೇಯುವಷ್ಟರಲ್ಲಿ ಬೆಳ್ಳುಳ್ಳಿ ಕಪ್ಪಾಗಿ ಕಹಿಯಾಗುತ್ತದೆ. ಪರಿಮಳ ಎದ್ದ ಕೂಡಲೇ ತೊಟ್ಟುಗಳನ್ನು ಹಾಕಿ ಒಂದು ನಿಮಿಷ ಆಡಿಸಿರಿ. ಅಂಚು ಸ್ವಲ್ಪ ಪಾರದರ್ಶಕವಾದಾಗ ಎಲೆ, ಉಪ್ಪು, ಸಕ್ಕರೆ ಸೇರಿಸಿ ಇನ್ನೊಂದು ನಿಮಿಷ ಮಗುಚಿರಿ. ಎಲೆ ಮಿಡುಕಿ ಕಡು ಹಸಿರಾದೊಡನೆ ಬೇರೆ ತಟ್ಟೆಗೆ ಸುರಿಯಬೇಕು. ಒಲೆ ಆರಿಸಿ ಬಾಣಲೆಯಲ್ಲಿಯೇ ಬಿಟ್ಟರೆ ಅದರ ಕಾವಿಗೆ ಬೇಯುತ್ತಲೇ ಇರುತ್ತದೆ.

ಮುಚ್ಚಳ ಮುಚ್ಚಬಾರದು. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಇದೆ. ಬಿಸಿ ಮತ್ತು ಹುಳಿ ಎರಡೂ ಸೇರಿದಾಗ ಅದು ಕಳಚಿಕೊಂಡು ಎಲೆ ಕಂದು ಮಿಶ್ರಿತ ಹಸಿರಾಗುತ್ತದೆ. ಸೊಪ್ಪು ಬೇಯುವಾಗ ಹೊರಡುವ ಆಮ್ಲಗಳು ಆವಿಯೊಡನೆ ಹೋಗಬೇಕಾದರೆ ಬಾಣಲೆ ತೆರೆದಿರಬೇಕು. ಹುಣಸೆ, ನಿಂಬೆ, ವಿನಿಗರ್ ಬೇಕೆನಿಸಿದವರು ತಟ್ಟೆಗೆ ಬಂದ ಮೇಲೆ ಹಾಕಿಕೊಳ್ಳಲಿ. ಅಡುಗೆ ಸೋಡಾ ಹಾಕಿದರೆ ಬಣ್ಣ ನಿಲ್ಲುವುದು ನಿಜ, ಆದರೆ ತೊಟ್ಟು ಲೋಳೆಯಾಗಿ 'ಸಿ' ಮತ್ತು 'ಬಿ1' ಜೀವಸತ್ವಗಳು ನಾಶವಾಗುತ್ತವೆ. ಬಣ್ಣಕ್ಕಾಗಿ ಸತ್ವವನ್ನು ಕಳೆಯುವ ಈ ಪದ್ಧತಿಯನ್ನು ನಾನು ಶಿಫಾರಸು ಮಾಡುವುದಿಲ್ಲ.

ಸೋಯಾ ಸಾಸ್ ಕಡ್ಡಾಯವಲ್ಲ. ಹಾಕುವುದಾದರೆ ಒಂದು ಚಹಾ ಚಮಚ ಹಾಕಿ, ಉಪ್ಪನ್ನು ಅರ್ಧಕ್ಕಿಳಿಸಬೇಕು. ಅಷ್ಟು ಸಾಸ್‌ನಲ್ಲಿಯೇ ಸುಮಾರು 300 ಮಿ.ಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ಮಿತಿ ದಿನಕ್ಕೆ 2,000 ಮಿ.ಗ್ರಾಂ. ಸಾಮಾನ್ಯ ಸೋಯಾ ಸಾಸ್ ತಯಾರಿಕೆಯಲ್ಲಿ ಗೋಧಿಯೂ ಸೇರಿರುವುದರಿಂದ ಗೋಧಿ ಒಗ್ಗದವರು ಅದನ್ನು ಬಿಡಬೇಕು.

ಯಾರು ಎಚ್ಚರದಿಂದಿರಬೇಕು

ಕೋಸಿನ ಜಾತಿಯ ಸೊಪ್ಪುಗಳಲ್ಲಿರುವ ಕೆಲವು ಗಂಧಕಯುಕ್ತ ಪದಾರ್ಥಗಳು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗಬಲ್ಲವು. 2010ರಲ್ಲಿ ಅಮೆರಿಕದ ವೈದ್ಯಕೀಯ ನಿಯತಕಾಲಿಕೆಯೊಂದರಲ್ಲಿ ಪ್ರಕಟವಾದ ಪ್ರಕರಣದಲ್ಲಿ, ಸಕ್ಕರೆ ಕಾಯಿಲೆ ಹತೋಟಿಗೆ ಬರುವುದೆಂದು ನಂಬಿ ಹಲವು ತಿಂಗಳು ದಿನಕ್ಕೆ 1ರಿಂದ 1.5 ಕೆ.ಜಿ. ಪಾಕ್ ಚೋಯ್ ಅನ್ನು ಹಸಿಯಾಗಿ ತಿಂದ 88 ವರ್ಷದ ಮಹಿಳೆ ಥೈರಾಯ್ಡ್ ಸ್ರಾವ ಕುಸಿದು ಪ್ರಜ್ಞಾಹೀನ ಸ್ಥಿತಿಗೆ ತಲುಪಿದ್ದರು. ಇದನ್ನು ಕೇಳಿ ಸೊಪ್ಪನ್ನೇ ಬಿಡುವ ಅಗತ್ಯವಿಲ್ಲ. ಬೇಯಿಸಿದಾಗ ಆ ಪದಾರ್ಥಗಳನ್ನು ಬಿಡುಗಡೆ ಮಾಡುವ ಕಿಣ್ವ ನಿಷ್ಕ್ರಿಯವಾಗುತ್ತದೆ. ಅಯೋಡಿನ್‌ಯುಕ್ತ ಉಪ್ಪು ಬಳಸುವ ಮನೆಯಲ್ಲಿ ಒಬ್ಬರಿಗೆ 100 ಗ್ರಾಂ ಬೇಯಿಸಿದ ಸೊಪ್ಪು ನಿರಪಾಯಕರ. ಹಸಿ ಸೊಪ್ಪಿನ ರಸವನ್ನು ಔಷಧಿಯೆಂದು ಲೋಟಗಟ್ಟಲೆ ಕುಡಿಯುವ ಪ್ರಚಾರಕ್ಕೆ ಮಾತ್ರ ಕಿವಿಗೊಡಬೇಡಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಯಾವುದೇ ಹಸಿರು ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು, ನಿಲ್ಲಿಸಲೂಬಾರದು. ಇದರಲ್ಲಿರುವ 'ಕೆ' ಜೀವಸತ್ವವು ಮಾತ್ರೆಯ ಪ್ರಭಾವವನ್ನು ಕುಗ್ಗಿಸುತ್ತದೆ. ಪ್ರಮಾಣವನ್ನು ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಿಕೊಳ್ಳಿರಿ.

ಪಾಕ್ ಚೋಯ್ ಇಲ್ಲದಿದ್ದಾಗ

ಬೆಳ್ಳುಳ್ಳಿಯ ಇದೇ ಕ್ರಮದಲ್ಲಿ ಚೀನಾದ ಮನೆಗಳಲ್ಲಿ ಹರಿವೆಯನ್ನೂ ಬಸಳೆಯನ್ನೂ ಮಾಡುತ್ತಾರೆ. ಎರಡೂ ನಮ್ಮ ಹಿತ್ತಲಿನವೇ. ಹರಿವೆಗೆ ದಂಟು ಎಳೆಯದಿರಬೇಕು. ಬಸಳೆ ಲೋಳೆ ಬಿಡುವುದರಿಂದ ಅದಕ್ಕೆ ಇನ್ನೂ ಜೋರು ಉರಿ, ಇನ್ನೂ ಕಡಿಮೆ ಸಮಯ. ಮೂಲಂಗಿ ಸೊಪ್ಪಿನ ಎಳೆ ಎಲೆಗಳೂ ಹೊಂದುತ್ತವೆ. ನೀರಿನಲ್ಲಿ ಹಬ್ಬುವ ಕಲ್ಮಿ ಸೊಪ್ಪು ಚೀನಾದಲ್ಲಿ ಬಹು ಪ್ರಿಯವಾದುದು, ಆದರೆ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯದನ್ನು ಮುಟ್ಟಬೇಡಿ, ಅದು ಭಾರಲೋಹಗಳನ್ನು ಹೀರಿಕೊಳ್ಳುತ್ತದೆ. ಕೆಸುವಿನ ಎಲೆಯನ್ನು ಈ ಕ್ರಮದಲ್ಲಿ ಎಂದಿಗೂ ಮಾಡಬಾರದು. ಅದರ ಸೂಜಿಯಂಥ ಹರಳುಗಳ ತುರಿಕೆ ಹೋಗಲು ಹುಳಿಯೊಡನೆ ದೀರ್ಘಕಾಲ ಬೇಯಬೇಕು. ಮೂರು ನಿಮಿಷದ ಹುರಿತಕ್ಕೆ ಬಾಯಿ ಗಂಟಲು ಊದಿಕೊಳ್ಳುತ್ತದೆ.

ಉಳಿದ ಪಲ್ಯವನ್ನು ಕೋಣೆಯ ತಾಪದಲ್ಲಿ ರಾತ್ರಿಯಿಡೀ ಇಡಬಾರದು, ಸೂಕ್ಷ್ಮಜೀವಿಗಳು ಅದರಲ್ಲಿನ ನೈಟ್ರೇಟನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ರಾತ್ರಿ ಕಳೆದ ಸೊಪ್ಪನ್ನು ತಿನ್ನಬಾರದೆಂಬ ನಂಬಿಕೆ ಚೀನಾದಲ್ಲಿಯೂ ಪ್ರಚಲಿತವಿದೆ. ಎರಡು ಗಂಟೆಯೊಳಗೆ ಶೀತಕಪೆಟ್ಟಿಗೆಯಲ್ಲಿಟ್ಟು ಮರುದಿನವೇ ಮುಗಿಸಿರಿ, ಕೈಗೂಸುಗಳಿಗೆ ಮಾತ್ರ ಕೊಡಬೇಡಿ. ಹಸಿ ಸೊಪ್ಪನ್ನು ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ, ರಂಧ್ರವಿರುವ ಚೀಲದಲ್ಲಿಟ್ಟರೆ ಶೀತಕಪೆಟ್ಟಿಗೆಯಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಬಾಳೆಹಣ್ಣು, ಟೊಮೆಟೊಗಳನ್ನು ಅದರ ಜೊತೆಗಿಡಬೇಡಿ. ಅವುಗಳಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಎಲೆ ಬೇಗ ಹಳದಿಯಾಗುತ್ತದೆ.